ಮಾಳವ್ವನ ಮಣ್ಣಿನ ಬಾಣಲೆ

ಬಹಳ ಹಿಂದಿನ ಮಾತು. ಕಾಗೆಗೆ ಇನ್ನೂ ಕಪ್ಪು ಬಣ್ಣ ಹಚ್ಚಿರಲಿಲ್ಲ. ಆಗ ಹೊಂಬೆಟ್ಟ ಅಂತ ಒಂದು ರಾಜ್ಯ ಇತ್ತು. ರಾಜ್ಯ ಇತ್ತು, ರಾಜ ಇರಲಿಲ್ಲ. ಬೇಟೆಗೆ ಹೋದವನು ವಾಪಸ್ ಬಂದಿರಲಿಲ್ಲ. ಬೆಟ್ಟದ ಮೇಲಿದ್ದ ಭಸ್ಮಾಂಗ ಅನ್ನೋ ಮಾಟಗಾರನೇ ಎಲ್ಲರನ್ನೂ ಆಳ್ತಿದ್ದ. ಸಿಟ್ಟು ಬಂದ್ರೆ ಮನುಷ್ಯರನ್ನ ಪ್ರಾಣಿ ಮಾಡಿಬಿಡ್ತಿದ್ದ. ಸಿಟ್ಟು ದಿನಾ ಬರ್ತಿತ್ತು.

ಅವನಿಗೆ ಒಂದೇ ಒಂದು ಭಯ, ಉಪ್ಪು. ಮಾಟಗಾರ ಯಾವ ನಾಡಿನ ಉಪ್ಪು ತಿಂತಾನೋ ಆ ನಾಡಿನವರ ಮೇಲೆ ಅವನ ಮಾಟ ನಿಲ್ಲಲ್ಲ. ಇದು ನಾಡಿಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅದಕ್ಕೇ ಅವನು ಸಪ್ಪೆ ಊಟ ಮಾಡ್ತಿದ್ದ. ಅದಕ್ಕೇ ಅವನಿಗೆ ದಿನಾ ಸಿಟ್ಟು ಬರ್ತಿತ್ತು.

ಅದೇ ರಾಜ್ಯದಲ್ಲಿ ಮಾಳವ್ವ ಅಂತ ಒಬ್ಬಳು ಇದ್ಲು. ಅವಳ ಅಡುಗೆಮನೆಗೆಲ್ಲ ಒಂದೇ ಅಗಲವಾದ ಮಣ್ಣಿನ ಬಾಣಲೆ. ಅವಳ ಅತ್ತೆ ಅದರಲ್ಲಿ ವರ್ಷಗಟ್ಟಲೆ ನಿಂಬೆಕಾಯಿಗೆ ಉಪ್ಪು ಬೆರೆಸಿ ನೆನೆಹಾಕ್ತಿದ್ಲು.

"ಆ ಬಾಣಲೆ ಉಪ್ಪು ಕುಡಿದಿದೆ ಕಣೇ. ಬೆಂಕಿ ಕಂಡ್ರೆ ಕಕ್ಕುತ್ತೆ. ಮೇಲೆ ಉಪ್ಪು ಹಾಕಬೇಡ," ಅಂತ ಅತ್ತೆ ಸಾಯೋವರೆಗೂ ಹೇಳಿದ್ಲು. ಮಾಳವ್ವ ಹೂಂ ಅಂತಿದ್ಲು, ಹಿಡಿ ಉಪ್ಪು ಹಾಕ್ತಿದ್ಲು. ಗಂಡ ದುಂಡಪ್ಪ ಒಳ್ಳೆಯವನು, ಏನೂ ಅಂತಿರಲಿಲ್ಲ. ಊಟಕ್ಕೆ ಕೂರೋ ಮೊದಲೇ ಒಂದು ಚೊಂಬು ನೀರು ಕುಡಿದು ಹೊಟ್ಟೆ ಸಿದ್ಧ ಮಾಡ್ಕೋತಿದ್ದ.

ಒಂದು ದಿನ ಚೊಂಬು ಸಾಲಲಿಲ್ಲ. ದುಂಡಪ್ಪ ಬೀದಿಗೆ ಓಡಿ, ಎದುರಿಗೆ ಬಂದವರ ಕೈಯಿಂದ ಕಮಂಡಲು ಕಿತ್ಕೊಂಡು ಗಟಗಟ ಕುಡಿದ. ಕುಡಿದು ಮುಗಿಸಿದ ಮೇಲೆ ತಲೆ ಎತ್ತಿ ನೋಡಿದ. ಭಸ್ಮಾಂಗ! "ಕ್ಷಮಿಸಿ" ಅನ್ನೋಕೆ ಬಾಯಿ ತೆಗೆದ್ರೆ "ಕೊಕ್ಕೋಕೋ" ಅಂತ ಬಂತು. ಭಸ್ಮಾಂಗ ಹುಂಜವನ್ನ ಕಂಕುಳಲ್ಲಿ ಇಟ್ಕೊಂಡು ಹೊರಟ.

ಮಾಳವ್ವ ಅಡ್ಡ ಬಂದು ನಿಂತ್ಲು. "ಸ್ವಾಮಿ, ನನ್ನ ಗಂಡನ್ನ ಕೊಡಿ."

"ಅಡುಗೆ ಬರುತ್ತಾ?"

"ಬರುತ್ತೆ," ಅಂದ್ಲು ಮಾಳವ್ವ. ಹುಂಜ ಕಣ್ಣು ಮುಚ್ಕೊಂಡಿತು.

"ಹಾಗಾದ್ರೆ ನಾಳೆ ಬಾ. ಕೋಳಿ, ತರಕಾರಿ ಎಲ್ಲ ಒಂದೇ ಬಾಣಲೆಯಲ್ಲಿ ಆಗ್ಬೇಕು. ಕೋಳಿ ಚರ್ಮ ಕೆಂಪಗೆ ಗರಿಗರಿ ಇರ್ಬೇಕು. ಗೆಡ್ಡೆ ಹಸಿ ಇರಬಾರದು, ಕುಂಬಳ ಕರಗಬಾರದು. ಉಪ್ಪು ಒಂದು ಹರಳೂ ಕೂಡದು. ಮೆಚ್ಚಿದ್ರೆ ಗಂಡನ್ನ ಕರ್ಕೊಂಡು ಹೋಗು. ಕೆಟ್ರೆ ನೀನೂ ಹೇಂಟೆ."

"ನಂಗೆ ಮೊಟ್ಟೆ ಇಡೋಕೆ ಬರಲ್ಲ ಸ್ವಾಮಿ."

"ಕಲೀತೀಯ."

ಮಾರನೇ ದಿನ ಮಾಳವ್ವ ಬಾಣಲೆ ತಲೆ ಮೇಲೆ ಹೊತ್ಕೊಂಡು ಬೆಟ್ಟ ಹತ್ತಿದ್ಲು. ತುರುಬಿನೊಳಗೆ ಒಂದು ಚಿಟಿಕೆ ಉಪ್ಪು ಬಚ್ಚಿಟ್ಟಿದ್ಲು. ಬಾಗಿಲಲ್ಲಿ ಒಂದು ಕರಡಿ ಕೂತಿತ್ತು.

"ನಿಲ್ಲಮ್ಮ. ಉಪ್ಪಿನ ತಪಾಸಣೆ," ಅಂದಿತು ಕರಡಿ. ಅಂಗೈ ನೆಕ್ಕಿತು, ಮೊಣಕೈ ನೆಕ್ಕಿತು, ತುರುಬು ಬಿಚ್ಚಿ ನೆಕ್ಕಿ ಕಣ್ಣರಳಿಸಿತು. ಒಂದು ಹರಳೂ ಬಿಡಲಿಲ್ಲ. "ಬಹಳ ದಿನ ಆಗಿತ್ತು. ಒಳಗೆ ಹೇಳಬೇಡ," ಅಂತ ಪಿಸುಗುಟ್ಟಿತು. ಆಮೇಲೆ ಬಾಣಲೆಯ ಬೆನ್ನು ನೆಕ್ಕಿ ಸೀನಿತು. "ಥೂ, ಮಸಿ. ಹೋಗು."

ಇದ್ದ ಒಂದು ಉಪಾಯ ಕರಡಿ ಹೊಟ್ಟೆ ಸೇರ್ತು. ಮಾಳವ್ವ ಒದ್ದೆ ತಲೆ ಒರೆಸ್ಕೊಂಡ್ಲು. 'ಆಗಲಿ. ಅಡುಗೆಯನ್ನೇ ನೆಟ್ಟಗೆ ಮಾಡ್ತೀನಿ' ಅಂತ ಒಳಗೆ ನಡೆದ್ಲು.

ಒಳಗೆ ಮಾಯದ ತೋಟ. ಅಲ್ಲಿ ತರಕಾರಿಗಳು ಮಾತಾಡ್ತಿದ್ವು, ಜಗಳಾನೂ ಆಡ್ತಿದ್ವು. ಬಾಣಲೆಯಲ್ಲಿ ಯಾರು ಎಲ್ಲಿ ಕೂರ್ಬೇಕು ಅನ್ನೋದು ತೀರ್ಮಾನ ಆಗದೆ ಒಂದೂ ಕದಲಲಿಲ್ಲ.

ಮಾಳವ್ವ ಸೊಂಟಕ್ಕೆ ಕೈ ಇಟ್ಲು. "ಸುವರ್ಣಗೆಡ್ಡೆ, ನೀನು ಗಟ್ಟಿಗ, ತಳ ನಿಂದು. ಅದರ ಮೇಲೆ ಈರುಳ್ಳಿ. ಬದನೆ, ಕುಂಬಳ, ನೀವು ಆಮೇಲೆ."

"ಆಮೇಲೆ ಅಂದ್ರೆ? ನಾವೇನು ಬಿಟ್ಟಿ ಬಂದವರಾ?" ಅಂತ ಬದನೆ ರೇಗಿತು.

"ಕೋಳಿ ಅರ್ಧ ಬೆಂದ ಮೇಲೆ. ಮೊದಲೇ ಬಂದ್ರೆ ಗೊಜ್ಜಾಗ್ತೀರಾ."

ಗೊಜ್ಜು ಅಂದ ತಕ್ಷಣ ಬದನೆ ತೆಪ್ಪಗಾಯ್ತು. ಎಲ್ಲ ಬುಟ್ಟಿಗೆ ಹತ್ತಿದ್ವು. ಈರುಳ್ಳಿ ಮಾತ್ರ ಸುಮ್ಮನಿತ್ತು, ಅತ್ತಿದ್ದು ಮಾಳವ್ವ.

ಹಿತ್ತಲಲ್ಲಿ ಭಸ್ಮಾಂಗ ಕಾಯ್ತಿದ್ದ. ಅಂಗಳದ ತುಂಬ ಹುಂಜಗಳು, ಎಲ್ಲಾ ಒಂದೇ ಥರ.

"ಒಂದನ್ನ ಹಿಡ್ಕೊಂಡು ಅಡುಗೆ ಮಾಡು. ಇದ್ರಲ್ಲಿ ಒಂದು ನಿನ್ನ ಗಂಡ, ಮಿಕ್ಕಿದ್ದೆಲ್ಲ ಬರೀ ಕೋಳಿ. ನೋಡ್ಕೊಂಡು ಹಿಡಿ," ಅಂತ ನಕ್ಕ.

"ರೀ!" ಅಂತ ಕೂಗಿದ್ಲು ಮಾಳವ್ವ. ಎಲ್ಲಾ ಹುಂಜಗಳೂ ತಿರುಗಿ ನೋಡಿದ್ವು.

ಮಾಳವ್ವ ಅಂಗಳದ ಮೂಲೆಯಲ್ಲಿದ್ದ ಕಾಳಿನ ಚೀಲಕ್ಕೆ ಕೈ ಹಾಕಿದ್ಲು. ಒಂದು ಹಿಡಿ ಜೋಳ ಎರಚಿದ್ಲು. ಹುಂಜಗಳೆಲ್ಲ ಕಾಳಿಗೆ ನುಗ್ಗಿದ್ವು. ಒಂದು ಮಾತ್ರ ನೆಟ್ಟಗೆ ನೀರಿನ ತೊಟ್ಟಿಗೆ ಹೋಗಿ, ಹೊಟ್ಟೆ ತುಂಬ ನೀರು ಕುಡಿದು, ಒಂದು ಉಸಿರು ಬಿಟ್ಟು, ಆಮೇಲೆ ಜೋಳದ ಕಡೆ ಬಂತು.

ಮಾಳವ್ವ ಆ ಹುಂಜವನ್ನ ಎತ್ಕೊಂಡು ಕಟ್ಟೆ ಮೇಲೆ ಕೂರಿಸಿ, "ಅಲ್ಲೇ ಇರಿ" ಅಂದು, ಬೇರೊಂದನ್ನ ಹಿಡಿದ್ಲು.

ಕೋಳಿಗೆ ಬೆಳ್ಳುಳ್ಳಿ, ಮೆಣಸು, ನಿಂಬೆರಸ, ತುಪ್ಪ ಸವರಿದ್ಲು. ತಳಕ್ಕೆ ಗೆಡ್ಡೆ, ಮೇಲೆ ಈರುಳ್ಳಿ, ಅದರ ಮೇಲೆ ಕೋಳಿ. ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಸೆರಗಿನ ಅಂಚು ಸುಟ್ಕೊಂಡ್ಲು, ತಟ್ಟಿ ಆರಿಸಿದ್ಲು. ಅಭ್ಯಾಸಬಲದಿಂದ ಕೈ ಉಪ್ಪಿಗೆ ಹೋಗಿ ಬರಿಗೈಲಿ ವಾಪಸ್ ಬಂತು. ಕೋಳಿ ಅರ್ಧ ಬೆಂದ ಮೇಲೆ ಬದನೆ, ಕುಂಬಳ ಇಳಿದ್ವು.

ಕೊನೆಗೆ ಮುಚ್ಚಳ ತೆಗೆದ್ಲು. ಕೋಳಿ ಕೆಂಪಗೆ ಚಟಪಟ ಅಂತಿತ್ತು. ಬಾಣಲೆಯ ಅಂಚಲ್ಲಿ ಬೆಳ್ಳಗೆ ಏನೋ ಹೂವಿನ ಥರ ಎದ್ದಿತ್ತು. ಅತ್ತೆ ಕಿವಿ ಹತ್ರವೇ ನಿಂತು ಹೇಳಿದ ಹಾಗಾಯ್ತು: ಬೆಂಕಿ ಕಂಡ್ರೆ ಕಕ್ಕುತ್ತೆ ಕಣೇ.

"ಏನದು ಬಿಳೀದು?" ಅಂದ ಭಸ್ಮಾಂಗ.

"ಬೂದಿ ಸ್ವಾಮಿ," ಅಂತ ಸುಟ್ಟ ಸೆರಗಿನಿಂದ ಒರೆಸಿ ಬಡಿಸಿದ್ಲು.

ಭಸ್ಮಾಂಗ ಒಂದು ತುಂಡು ತಿಂದ. ಇನ್ನೊಂದು ತಿಂದ. ಗೆಡ್ಡೆ ತಿಂದ, ಕುಂಬಳ ತಿಂದ, ಮೂಳೆ ಚೀಪಿದ. ಅವನ ನಾಲಿಗೆಗೆ ಉಪ್ಪಿನ ರುಚಿ ಮರೆತೇ ಹೋಗಿತ್ತು. "ಇದಕ್ಕೇನು ಹಾಕಿದೆ?" ಅಂದ, ಕಣ್ಣಲ್ಲಿ ನೀರು.

"ನಾನು ಏನೂ ಹಾಕಿಲ್ಲ ಸ್ವಾಮಿ."

"ಸ್ವಲ್ಪ ನೀರು ಕೊ..." ಅಂದವನಿಗೆ ಥಟ್ಟನೆ ಹೊಳೀತು. ಅವನಿಗೆ ಬಾಯಾರಿಕೆ ಆಗಿತ್ತು. ಎದ್ದು ಬೆರಳು ತೋರಿಸಿ ಗುಡುಗಿದ, "ಹೇಂಟೆ ಆಗು!"

ಮಾಳವ್ವ ಹೇಂಟೆ ಆಗಲಿಲ್ಲ. "ಇನ್ನೊಂದು ಸಲ ನೋಡಿ ಬೇಕಾದ್ರೆ," ಅಂದ್ಲು.

ಕಟ್ಟೆ ಮೇಲಿಂದ ದುಂಡಪ್ಪ ದೊಪ್ಪನೆ ಬಿದ್ದ, ಮನುಷ್ಯನಾಗಿ. ನಾಡಿನ ತುಂಬ ಮೇಕೆ, ಮೊಲ, ಕತ್ತೆ ಆಗಿದ್ದವರೆಲ್ಲ ಎದ್ದು ಬಟ್ಟೆ ಹುಡುಕಿದ್ರು. ಕರಡಿ ಒಳಗೆ ಓಡಿ ಬಂತು, ಬರ್ತಾ ಬರ್ತಾ ರಾಜ ಆಯ್ತು.

"ತಾಯಿ, ಆ ತುರುಬಿನ ವಿಷಯ ಮನಸ್ಸಲ್ಲಿ ಇಟ್ಕೋಬೇಡಿ," ಅಂದ ರಾಜ, ಕತ್ತು ಬಗ್ಗಿಸಿ.

ಮಾಟ ಹೋದ ಭಸ್ಮಾಂಗ ಬರೀ ಹಸಿದ ಮುದುಕ. "ಇನ್ನೊಂದು ತುಂಡು ಇದ್ಯಾ ತಾಯಿ?" ಅಂತ ಕೇಳಿದ. ರಾಜ ಅವನಿಗೆ ಮಾಳವ್ವನ ಬಾಣಲೆ ತಿಕ್ಕೋ ಕೆಲಸ ಕೊಟ್ಟ. ದಿನಾ ಉಪ್ಪುಳ್ಳ ಊಟ ಸಿಗ್ತಾ ಸಿಗ್ತಾ ಅವನ ಸಿಟ್ಟೂ ಇಳೀತು.

ಮನೆಗೆ ಬಂದ ಮೇಲೆ ಮಾಳವ್ವ ಅದೇ ಬಾಣಲೆಯಲ್ಲಿ ಅಡುಗೆ ಮಾಡಿದ್ಲು, ಉಪ್ಪು ಮುಟ್ಟಲಿಲ್ಲ. ದುಂಡಪ್ಪ ಒಂದು ತುತ್ತು ತಿಂದು ಹೆಂಡತಿ ಮುಖ ನೋಡಿದ.

"ಉಪ್ಪು ಸರಿಯಾಗಿದೆ ಕಣೇ."

"ಅತ್ತೆ ಹಾಕಿದ್ದು," ಅಂದ್ಲು ಮಾಳವ್ವ.

ಆಮೇಲೆ ಎಲ್ಲರೂ ಉಂಡು ತಣ್ಣಗಿದ್ರು. ದುಂಡಪ್ಪ ಮಾತ್ರ ಊಟಕ್ಕೆ ಮೊದಲು ಒಂದು ಚೊಂಬು ನೀರು ಕುಡಿಯೋದನ್ನ ಬಿಡಲಿಲ್ಲ. ಯಾವುದಕ್ಕೂ ಇರಲಿ ಅಂತ.