ಮೇಷ್ಟ್ರ ಕೊನೆಯ ಟೇಪು

"ಅಪ್ಪನ ಟೇಪು ಕಳುವಾಗಿದೆ. ಕದ್ದಿದ್ದು ನನ್ನ ಗಂಡನೇ ಅಂತಿದ್ದಾರೆ," ಎಂದು ಜಾಝ್ ಮೇಷ್ಟ್ರ ಮಗಳು ಬಾಗಿಲಲ್ಲೇ ಅತ್ತುಬಿಟ್ಟಳು.

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಅತ್ತಿಗೆ ತಲೆಯೆತ್ತಿದರು. ಊರವರ ಎಷ್ಟೋ ಕಳವು ಪತ್ತೆಹಚ್ಚಿದವರು ಅವರು. ಪಕ್ಕದಲ್ಲಿದ್ದ ಮೈದುನ ಪಿಯಾನೋ ರಿಪೇರಿಯವನು. ಅತ್ತಿಗೆ ಹೋದಲ್ಲೆಲ್ಲ ಅವನು ಬಾಲಂಗೋಚಿ, ಅದರಲ್ಲಿ ಅವನಿಗೆ ಹೆಮ್ಮೆಯೇ.

ಮೇಷ್ಟ್ರು ತಮ್ಮ ಮೊದಲ ರೆಕಾರ್ಡಿನ ಹಾಡನ್ನು ಒಬ್ಬರೇ ಕೂತು ಪಿಯಾನೋದಲ್ಲಿ ಹೊಸದಾಗಿ ನುಡಿಸಿ ಟೇಪು ಮಾಡಿದ್ದರು. ಮೂರೇ ದಿನಕ್ಕೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಉಳಿದದ್ದು ಯಾರೂ ಕೇಳದ ಆ ಟೇಪೊಂದೇ. ಆ ಕೋಣೆಗೆ ಹೋಗಿಬರುತ್ತಿದ್ದವರು ಇಬ್ಬರು: ಮನೆಮಗನಂತಿದ್ದ ಶಿಷ್ಯ ಮತ್ತು ಸಂಗೀತವೆಂದರೆ ತಲೆನೋವು ಎನ್ನುವ ಅಳಿಯ.

"ಟೇಪು ಮಾಡಿದ ದಿನ ಪಿಯಾನೋ ಸರಿಯಿತ್ತೇನೋ?" ಎಂದರು ಅತ್ತಿಗೆ.

ಮೈದುನ ತಲೆ ಕೆರೆದುಕೊಂಡ. "ಎಲ್ಲಿ ಬಂತು! ನಡುವಿನ ಒಂದು ಬಿಳಿ ಕೀ ಒತ್ತಿದ್ರೆ ಸದ್ದೇ ಇರಲಿಲ್ಲ. ಹಿಂದಿನ ದಿನವೇ ಕರೆದಿದ್ರು, ನಾನೇ ಸೋಮಾರಿತನ ಮಾಡ್ದೆ. ಮಾರನೇ ಬೆಳಗ್ಗೆ ಹೋಗಿ ಸರಿಮಾಡ್ದೆ. ಅದು ಮೇಷ್ಟ್ರಿಗೂ ನನಗೂ ಮಾತ್ರ ಗೊತ್ತು."

ಸಂಜೆ ಎಲ್ಲರೂ ಮೇಷ್ಟ್ರ ಕೋಣೆಯಲ್ಲಿ ಸೇರಿದರು. ಅಳಿಯ ಮುಖ ಗಂಟಿಕ್ಕಿಕೊಂಡು ಕಿಟಕಿಯ ಬಳಿ ನಿಂತಿದ್ದ.

"ಆ ಹಾಡು ನುಡಿಸಪ್ಪ, ಮೇಷ್ಟ್ರಿಗೂ ಸಮಾಧಾನ," ಎಂದು ಅತ್ತಿಗೆ ಶಿಷ್ಯನಿಗೆ ಹೇಳಿದರು.

ಅವನು ಸೊಗಸಾಗಿಯೇ ನುಡಿಸಿದ. ಸಾಲಿನ ಕೊನೆಯಲ್ಲೆಲ್ಲ ಬೆರಳು ಒಂದು ಬಿಳಿ ಕೀಯನ್ನು ಬಿಟ್ಟು ಆಚೀಚೆ ಹಾರುತ್ತಿತ್ತು. ಕಣ್ಣು ಮುಚ್ಚಿದ್ದ ಮೇಷ್ಟ್ರು ತಟ್ಟನೆ ಕಣ್ಣು ತೆರೆದರು.

"ರೆಕಾರ್ಡಲ್ಲಿ ಸಾಲು ಬಂದು ನಿಲ್ಲೋದೇ ಈ ಕೀ ಮೇಲೆ. ಯಾಕೆ ಬಿಟ್ಟೆ?" ಎಂದು ಅತ್ತಿಗೆ ಕೇಳಿದರು.

"ಅದು... ನನ್ನ ಶೈಲಿ."

ಅತ್ತಿಗೆ ಆ ಕೀ ಒತ್ತಿದರು. ಗಟ್ಟಿಯಾಗಿ ನುಡಿಯಿತು. "ಟೇಪು ಮಾಡಿದ ದಿನ ಇದು ಕೆಟ್ಟಿತ್ತು. ಬೇರೆ ದಾರಿ ಇಲ್ದೆ ಮೇಷ್ಟ್ರು ಅದನ್ನು ಬಿಟ್ಟು ಹಾರಿದ್ರು. ಆ ಹಾರಾಟ ಇರೋದು ಆ ಟೇಪಲ್ಲಿ ಮಾತ್ರ. ನನ್ನ ಯಂತ್ರ ಕೆಟ್ಟ ದಿನ ಹೊಲಿದ ಬಟ್ಟೆ ಎಲ್ಲಿದ್ರೂ ನಾನು ಗುರುತಿಸ್ತೀನಿ. ಅದಕ್ಕೇ ಮೊದಲು ಪಿಯಾನೋ ಬಗ್ಗೆ ಕೇಳ್ದೆ. ಅಳಿಯನಿಗೆ ಟೇಪು ಯಾಕೆ? ಅದು ಬೇಕಾದವನು ಕಲಿಯೋ ಹಸಿವಿದ್ದವನು."

ಶಿಷ್ಯ ತಲೆತಗ್ಗಿಸಿ ಚೀಲದಿಂದ ಟೇಪು ತೆಗೆದಿಟ್ಟ. "ನಾನೇ ಮೊದಲು ಕಲೀಬೇಕು ಅನ್ನಿಸ್ತು."

"ಅದು ನನ್ನ ಪೇಚಾಟ ಕಣೋ," ಎಂದರು ಮೇಷ್ಟ್ರು ತೊದಲುತ್ತ. ಆಮೇಲೆ ಎಡಗೈ ಚಾಚಿ ಅಳಿಯನ ಕೈ ಹಿಡಿದುಕೊಂಡರು, ಬಿಡಲಿಲ್ಲ.

ಮಗಳು ಟೇಪು ಹಾಕಿದಳು. ಅಳಿಯ ಕೊನೆಯವರೆಗೂ ಕೂತು ಕೇಳಿದ. ಆ ಹಾರಾಟ ಬಂದಾಗಲೆಲ್ಲ ಮೈದುನ ಆ ಬಿಳಿ ಕೀಯತ್ತ ನೋಡಿದ. ಕರೆದ ದಿನವೇ ತಾನು ಬಂದಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲ.