1794ರ ಹನ್ನೊಂದು ಬಿಲ್ಲೆಗಳು

ಎಲ್ವುಡ್ ಸ್ಟೌಫರ್ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಅಂಗಾತ ಬಿದ್ದಿದ್ದರು. ಕಣ್ಣು ತೆರೆದೇ ಇತ್ತು. ಸಿಮೆಂಟು ನೆಲದ ಮೇಲೆ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು.

ಮೊದಲು ಕಂಡವಳು ಅಕ್ಕನ ಮಗಳು ಲೋರ್ನಾ. ಅಂದು ಲೆಂಟ್ ಉಪವಾಸದ ಹಿಂದಿನ ದಿನ, ಮಂಗಳವಾರ. ಕೋಲ್ಟನ್ಸ್ ಫೆರಿ ಊರಿಗೆ ಊರೇ ಚರ್ಚಿನ ಮುಂದೆ ಡೋನಟ್‌ಗೆ ಸಾಲು ನಿಲ್ಲುವ ದಿನ. ಒಂಬತ್ತಕ್ಕೆ ಹೊರಟವಳು ಹನ್ನೊಂದಕ್ಕೆ ಬಿಸಿ ಚೀಲ ಹಿಡಿದು ಬಂದಳು. "ಮಾವಾ" ಎಂದು ಕೂಗಿದಳು. ನೆಲಮಾಳಿಗೆಯ ಬಾಗಿಲು ಹಾರುಹೊಡೆದಿತ್ತು. ಕೆಳಗೆ ದೀಪ ಉರಿಯುತ್ತಿತ್ತು.

ಊರ ಪೊಲೀಸ್ ಠಾಣೆಯ ಪತ್ತೇದಾರಿ ವರ್ನಾ ಕ್ಲಿಂಗರ್ ಹತ್ತೇ ನಿಮಿಷದಲ್ಲಿ ಅಲ್ಲಿದ್ದಳು. ಶವವನ್ನು ದಾಟಿ ಮೇಜಿನ ಹತ್ತಿರ ಹೋದಳು. ದೀಪ, ಭೂತಗನ್ನಡಿ, ಮೆತ್ತನೆಯ ಕುಂಚ, ಒಂದು ಮಖಮಲ್ಲಿನ ಹಾಸು. ಹಾಸು ಖಾಲಿ. ಪಕ್ಕದಲ್ಲಿ ಮರದ ಪೆಟ್ಟಿಗೆ. ಒಳಗೆ ಹತ್ತಿಬಟ್ಟೆಯ ಪುಟ್ಟ ಚೀಲಗಳು, ಒಂದೊಂದರಲ್ಲೂ ಒಂದು ಸೆಂಟಿನ ತಾಮ್ರದ ನಾಣ್ಯ, ಜೊತೆಗೊಂದು ದುಂಡು ಚೀಟಿ. ಎಲ್ಲ ನಾಣ್ಯದ ಮೇಲೂ ಒಂದೇ ವರ್ಷ, 1794. ಎಲ್ವುಡ್‌ರ ಪಟ್ಟಿಯಲ್ಲಿ ನಲವತ್ತಾರು. ಪೆಟ್ಟಿಗೆಯಲ್ಲೂ ನಲವತ್ತಾರು.

ಕಳವಾಗಿರಲಿಲ್ಲ. ಅದೇ ಅವಳನ್ನು ಕಾಡಿತು.

* * *

"ಎದೆ ಮೇಲೆ ಎರಡು ಅಂಗೈ ಗುರುತು" ಎಂದರು ಠಾಣೆಯ ಮುಖ್ಯಸ್ಥ ಗ್ರೋವರ್ ಬೀಮ್. "ಎದುರಿಗೆ ನಿಂತು ಯಾರೋ ನೂಕಿದಾರೆ. ಬಿದ್ದ ಮೇಲೂ ಅರ್ಧ ಗಂಟೆ ಜೀವ ಇತ್ತಂತೆ. ಡಾಕ್ಟ್ರು ಹೇಳಿದ್ರು."

"ಅರ್ಧ ಗಂಟೆನಾ ಸಾರ್?"

"ಹೂಂ. ಇನ್ನೊಂದು ಕೇಳು. ಹತ್ತು ದಿನದ ಹಿಂದೆ ಮುದುಕ ಉಯಿಲು ಬದಲಾಯಿಸಿದಾನೆ. ಮನೆ, ನಾಣ್ಯ, ಎಲ್ಲಾ ಲೋರ್ನಾಗೆ. ಡೋನಟ್ ಸಾಲು ಅರ್ಧ ಗಂಟೇದು. ಉಳಿದ ಒಂದೂವರೆ ಗಂಟೆ ಎಲ್ಲಿ ಹೋಗಿದ್ಲು?"

ಲೋರ್ನಾ ಪಕ್ಕದ ಕೋಣೆಯಲ್ಲಿ ಕೂತಿದ್ದಳು. ಅಂಗಿಯ ತೋಳಿನ ಮೇಲೆ ಸಕ್ಕರೆ ಪುಡಿ ಹಾಗೇ ಇತ್ತು.

"ಹೊಳೆ ದಂಡೇಲಿ ಕಾರು ನಿಲ್ಲಿಸ್ಕೊಂಡು ಅಳ್ತಿದ್ದೆ" ಎಂದಳು. "ಯಾರೂ ನೋಡಿಲ್ಲ. ಗುರುವಾರ ಕೋರ್ಟು. ನನ್ನ ಗಂಡ ಮಗೂನ ಕೇಳ್ತಿದಾನೆ. ಮುಂದೆ ನನಗೊಂದು ಸ್ವಂತ ಮನೆ ಸಿಗತ್ತೆ ಅಂತ ತೋರಿಸಿದ್ರೆ ಮಗು ನಂದು ಅಂತ ವಕೀಲರು ಹೇಳಿದ್ರು. ಅದಕ್ಕೇ ಮಾವ ಉಯಿಲು ಬರೆದಿದ್ದು. ಈಗ ನೀವು ಕೈಗೆ ಬೇಡಿ ಹಾಕಿದ್ರೆ, ಮಗು ಹೋಯ್ತು ವರ್ನಾ. ಮತ್ತೆ ಸಿಗಲ್ಲ."

"ಮಾವನ ನಾಣ್ಯ ಮುಟ್ಟಿದ್ಯಾ?"

"ಆ ಕೊಳಕು ಬಿಲ್ಲೆಗಳನ್ನಾ? ಅವು ಇದ್ದ ಕಡೆ ಕೆಮ್ಮೋಕೂ ಬಿಡ್ತಿರ್ಲಿಲ್ಲ ನನ್ನ."

ಗ್ರೋವರ್ ಗಡಿಯಾರ ನೋಡಿದರು. "ಸಂಜೆ ಐದಕ್ಕೆ ಬಂಧನ. ಅಷ್ಟರೊಳಗೆ ಬೇರೆ ಏನಾದ್ರೂ ಇದ್ರೆ ತಾ."

ವರ್ನಾ ಎರಡು ವರ್ಷದ ಹಿಂದೆ ಹೀಗೇ ಆತುರದಲ್ಲಿ ಒಂದು ಸಹಿ ಹಾಕಿದ್ದಳು. ತಪ್ಪಿಲ್ಲದವನೊಬ್ಬ ಮೂರು ತಿಂಗಳು ಒಳಗಿದ್ದ. ಈಗ ಲೋರ್ನಾಳ ವಿಷಯದಲ್ಲೂ ಹಾಗೇ ಆದರೆ? ಮರದ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

* * *

ಮರ್ಲ್ ಓಟ್ ಊರಿನ ನಾಣ್ಯದ ಅಂಗಡಿಯವನು. ಎಲ್ವುಡ್‌ರ ಸಂಗ್ರಹ ಕೊಳ್ಳಲು ವರ್ಷಗಟ್ಟಲೆ ಪೀಡಿಸಿದ್ದವನು. ಕೊಳ್ಳುತ್ತೇನೆಂದು ಅವನು ಬರೆದ ಕಾಗದವೊಂದು ಎಲ್ವುಡ್‌ರ ಫೋನಿನ ಪಕ್ಕದಲ್ಲೇ ಸಿಕ್ಕಿತ್ತು.

"ಬೆಳಿಗ್ಗೆ ಎಲ್ಲಿದ್ರಿ ಮರ್ಲ್?"

"ಚರ್ಚಿನ ಅಡುಗೆಮನೇಲಿ, ತಾಯಿ. ನಾಲ್ಕು ಗಂಟೆಯಿಂದ ಮಧ್ಯಾಹ್ನದವರೆಗೂ ಬಾಣಲೆ ಮುಂದೆ. ಬೇಕಾದ್ರೆ ಅಂಗಿ ಮೂಸಿ ನೋಡಿ. ನಿಮ್ಮ ಸಾಹೇಬ್ರೇ ಒಂದು ಡಜನ್ ಕಟ್ಟಿಸ್ಕೊಂಡ್ರು. ಕೊಸರು ಅಂತ ಇನ್ನೊಂದು ಕಿತ್ಕೊಂಡ್ರು. ಅದನ್ನೂ ಬರ್ಕೊಳ್ಳಿ."

ಅಂಗಿ ಮೂಸುವ ಅಗತ್ಯ ಬೀಳಲಿಲ್ಲ. ಅಂಗಡಿಯ ತುಂಬ ಕರಿದೆಣ್ಣೆಯ ವಾಸನೆ ಇತ್ತು. ವರ್ನಾ ಪೆಟ್ಟಿಗೆಯನ್ನು ಅವನ ಮುಂದಿಟ್ಟಳು.

"ಒಂದೇ ವರ್ಷದ ನಾಣ್ಯ ಯಾಕೆ ಸೇರಿಸ್ತಾರೆ?"

"ಆ ವರ್ಷ ಅಚ್ಚು ಕೊರೀತಿದ್ದಿದ್ದು ಕೈಯಲ್ಲಿ. ಒಂದರ ಹಾಗೆ ಇನ್ನೊಂದಿಲ್ಲ. ನಾಣ್ಯದ ಮೇಲಿನ ಹೆಂಗಸನ್ನೇ ತಗೊಳ್ಳಿ, ಒಬ್ಬಳ ಕೂದಲು ಗುಂಗುರು. ಇನ್ನೊಬ್ಬಳದ್ದು ಬಾಚಿದ್ದು. ನನಗೆ ಎಲ್ಲಾ ಒಂದೇ. ಎಲ್ವುಡ್‌ಗೆ ಮಾತ್ರ ಒಬ್ಬೊಬ್ಬಳದೂ ಬೇರೆ ಮುಖ. ಎಲ್ವುಡ್‌ಗೆ, ಆಮೇಲೆ ರಾಯ್ಸ್‌ಗೆ."

"ಔಷಧಿ ಅಂಗಡಿ ಇಟ್ಟಿದ್ದ ರಾಯ್ಸ್ ಹಾರ್ಟ್‌ಜೆಲ್?"

"ಅವನೇ. ಊರಲ್ಲಿ ಈ ಹುಚ್ಚು ಇಬ್ಬರಿಗೇ. ಮೂವತ್ತು ವರ್ಷದ ಜೋಡಿ. ಯಾರು ಮೊದಲು ಹೋದ್ರೂ ನಾಣ್ಯ ಇನ್ನೊಬ್ಬನಿಗೆ ಅಂತ ಮಾತಾಗಿತ್ತು. ಗಂಡಹೆಂಡ್ರೂ ಹಂಗಿರಲ್ಲ ಬಿಡಿ."

ಮಾತಾಡುತ್ತಲೇ ಮರ್ಲ್ ಒಂದು ಚೀಲ ತೆರೆದ. ಇನ್ನೊಂದು. ಮತ್ತೊಂದು. ಅವನ ನಗು ನಿಂತಿತು.

"ಇದನ್ನ ಒಳಗಿಟ್ಟಿದ್ದು ಎಲ್ವುಡ್ ಅಲ್ಲ."

"ಅದು ಹೆಂಗೆ ಹೇಳ್ತೀರಿ?"

"ಚೀಟಿ ನೋಡಿ. ಹಿಂದೆ ಯಾರ್ಯಾರ ಹತ್ರ ಇತ್ತು ಅಂತ ಬರೆದಿರ್ತಾರೆ. ಎಲ್ವುಡ್ ಚೀಟಿನ ನಾಣ್ಯದ ಬೆನ್ನಿಗೆ ಇಡ್ತಿದ್ದ. ಕಾಗದ ಮುಖಕ್ಕೆ ಉಜ್ಜಬಾರದು ಅಂತ. ಇದರಲ್ಲಿ ಚೀಟಿ ಮುಂದಿದೆ."

ಇಬ್ಬರೂ ಚೀಟಿ ಮುಟ್ಟದೆ ನಲವತ್ತಾರನ್ನೂ ತೆರೆದು ನೋಡಿದರು. ಮೂವತ್ತೈದರಲ್ಲಿ ಚೀಟಿ ಹಿಂದೆ. ಹನ್ನೊಂದರಲ್ಲಿ ಮುಂದೆ.

"ಚೀಟಿ ಮುಂದೆ ಇಡೋದು ಯಾರು?"

ಮರ್ಲ್ ಮುಖ ತಿರುಗಿಸಿದ. "ನನ್ನ ಕೇಳಬೇಡಿ. ಹೋಗಿ ಕಣ್ಣಾರೆ ನೋಡಿ."

* * *

ರಾಯ್ಸ್ ಹಾರ್ಟ್‌ಜೆಲ್‌ಗೆ ಎಪ್ಪತ್ತೊಂದು. ಇಸ್ತ್ರಿ ಮಾಡಿದ ಅಂಗಿ, ಕತ್ತರಿಸಿದ ಉಗುರು. ಮನೆಯಲ್ಲಿ ಒಂದು ಸದ್ದಿಲ್ಲ. ಕಿಟಕಿಗಳಿಗೆ ದಪ್ಪ ಪರದೆ. ಅವನ ಮೇಜಿನ ಮೇಲೆ ಏಳು ತಾಮ್ರದ ನಾಣ್ಯಗಳು ಬೆತ್ತಲೆ ಮಲಗಿದ್ದವು.

ವರ್ನಾ ಬಗ್ಗಿ, "ಇವೂ ಅದೇ ವರ್ಷದ..." ಎನ್ನುವಷ್ಟರಲ್ಲಿ ತಣ್ಣನೆಯ ಅಂಗೈಯೊಂದು ಅವಳ ಬಾಯಿಗೆ ಅಡ್ಡ ಬಂತು.

"ಕ್ಷಮಿಸಮ್ಮ" ಎಂದ ರಾಯ್ಸ್, ತನ್ನ ಮುಖವನ್ನು ಪಕ್ಕಕ್ಕೆ ತಿರುಗಿಸಿ. "ತಾಮ್ರದ ಮೇಲೆ ಮಾತಾಡಬಾರದು. ಒಂದು ಹನಿ ಎಂಜಲು ಬಿದ್ರೆ ತಿಂಗಳಲ್ಲಿ ಕಪ್ಪು ಕಲೆ. ಆಮೇಲೆ ಏನು ಮಾಡಿದ್ರೂ ಹೋಗಲ್ಲ."

"ಹಾಗಾದ್ರೆ ಮುಚ್ಚಿಡಿ. ನಾನು ಮಾತಾಡ್ಬೇಕು."

ಅವನು ಮುಚ್ಚಿಟ್ಟ. ಅವಸರವಿಲ್ಲ. ಅಂಚು ಹಿಡಿದು ಎತ್ತಿದ, ಕುಂಚ ಆಡಿಸಿದ, ಹತ್ತಿಚೀಲಕ್ಕೆ ಇಳಿಸಿದ. ಕೊನೆಗೆ ಚೀಟಿ. ಏಳಕ್ಕೆ ಏಳರಲ್ಲೂ, ಮುಂದೆ.

ವರ್ನಾ ತನ್ನ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟಳು.

"ಎಲ್ವುಡ್ ಮನೆಗೆ ಯಾವಾಗ ಹೋಗಿದ್ರಿ?"

"ಹೊಸ ವರ್ಷದ ದಿನ. ಹಂದಿ ಮಾಂಸ, ಹುಳಿ ಕೋಸು ಮಾಡಿದ್ದ. ಆಮೇಲೆ ಹೋಗಿಲ್ಲ. ನಾಣ್ಯವನ್ನೂ ಮುಟ್ಟಿಲ್ಲ. ಪಾಪ, ಮೆಟ್ಟಿಲು ಜಾರಿ ಹೋಗ್ಬಿಟ್ಟ."

ಅವಳು ತಂದ ಚೀಲಗಳನ್ನು ಸಾಲಾಗಿ ಇಟ್ಟಳು. ಹನ್ನೊಂದು.

"ಅವರು ಜಾರಲಿಲ್ಲ ರಾಯ್ಸ್. ದೀಪ ಉರೀತಿತ್ತು, ಭೂತಗನ್ನಡಿ ಹೊರಗಿತ್ತು. ಅಂದ್ರೆ ನಾಣ್ಯ ನೋಡೋದು ಅರ್ಧಕ್ಕೇ ನಿಂತಿದೆ. ಹಾಸು ಮಾತ್ರ ಖಾಲಿ. ಬಿದ್ದವರು ಎದ್ದು ಬಂದು ನಾಣ್ಯ ಎತ್ತಿಡಲ್ಲ. ಕಳ್ಳ ಆಗಿದ್ರೆ ಒಯ್ತಿದ್ದ. ಲೋರ್ನಾ ಆಗಿದ್ರೆ ಅದರ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ. ಒಬ್ಬ ಮನುಷ್ಯ ಸಾಯ್ತಾ ಬಿದ್ದಿರುವಾಗ, ತಾಮ್ರ ಬೆತ್ತಲೆ ಇದೆ ಅಂತ ಸಂಕಟ ಪಡೋನು ಈ ಊರಲ್ಲಿ ಒಬ್ಬನೇ. ಹನ್ನೊಂದರಲ್ಲೂ ಚೀಟಿ ಮುಂದಿದೆ. ನಿಮ್ಮ ಹಾಗೆ. ಕಾಗದದ ಮೇಲೂ ಬೆರಳಚ್ಚು ಸಿಗತ್ತೆ. ಇವತ್ತೇ ಪರೀಕ್ಷೆಗೆ ಕಳಿಸ್ತೀನಿ."

ರಾಯ್ಸ್ ಒಂದು ಚೀಲದ ಅಂಚನ್ನು ಬೆರಳಿನಿಂದ ನೇರ ಮಾಡಿದ.

"ಕಾಫಿ ಕುಡಿಯೋಣ ಅಂತ ಮೇಲೆ ಹತ್ತುತಿದ್ವಿ. ನಾನು ಮುಂದೆ, ಅವನು ಹಿಂದೆ. ಆಗ ಹೇಳಿದ. ಎಲ್ಲಾ ಹುಡುಗಿಗೆ ಬರೆದೆ ಅಂತ. ಅವಳು ಮಾರ್ತಾಳೆ ವರ್ನಾ. ಬಿಡಿಬಿಡಿಯಾಗಿ ಮಾರ್ತಾಳೆ. ನನ್ನದೂ ಅವನದೂ ಸೇರಿದ್ರೆ ಆ ವರ್ಷದ ಎಲ್ಲಾ ಅಚ್ಚೂ ಪೂರ್ತಿ ಆಗ್ತಿತ್ತು. ತಿರುಗಿ ನೂಕಿಬಿಟ್ಟೆ."

"ಆಮೇಲೆ?"

"ಕೆಳಗಿಳಿದೆ. ನೆಲಮಾಳಿಗೆ ತೇವ. ಬಿಟ್ಟು ಬಂದಿದ್ರೆ ಹಸಿರು ಕಟ್ತಿತ್ತು. ನಾನು ಕಳ್ಳ ಅಲ್ಲಮ್ಮ. ಒಂದನ್ನೂ ತರ್ಲಿಲ್ಲ."

"ಎಷ್ಟು ಹೊತ್ತು ಹಿಡೀತು?"

"ಅವಸರ ಮಾಡಿದ್ರೆ ಗೀರು ಬೀಳತ್ತೆ. ಇಪ್ಪತ್ತು ನಿಮಿಷ."

"ಎಲ್ವುಡ್ ಉಸಿರಾಡ್ತಿದ್ರಾ?"

ಅವನು ಕೊನೆಯ ಚೀಲವನ್ನು ಸಾಲಿಗೆ ಸರಿಸಿದ. "ಸದ್ದು ಮಾಡ್ತಿದ್ದ" ಎಂದ.

* * *

ನಾಲ್ಕೂವರೆಗೆ ವರ್ನಾ ಠಾಣೆಯ ಪಕ್ಕದ ಕೋಣೆಯ ಬಾಗಿಲು ತೆರೆದಳು.

"ರಾಯ್ಸ್ ಒಪ್ಕೊಂಡ. ಮನೆಗೆ ಹೋಗು ಲೋರ್ನಾ. ಗುರುವಾರ ಕೋರ್ಟಿಗೆ ನಾನೂ ಬರ್ತೀನಿ. ಹೇಳಬೇಕಾದ್ದನ್ನ ಹೇಳ್ತೀನಿ."

ಲೋರ್ನಾ ಎದ್ದಳು. ಮತ್ತೆ ಕೂತಳು. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮುಖ ಒರೆಸಿಕೊಂಡಳು.

"ಒಂದು ಹೇಳ್ತೀಯಾ? ನಾನು ಹೊಳೆ ದಂಡೇಲಿ ಕೂತಿದ್ದೆ. ಮಾವ ಕೊನೇಲಿ ಒಬ್ಬರೇ ಇದ್ರಾ?"

ಹೌದು ಎಂದುಬಿಡಬಹುದಿತ್ತು. ಆದರೆ ನಾಳೆ ರಾಯ್ಸ್‌ನ ವಿಚಾರಣೆಯಲ್ಲಿ ಅವನ ಹೇಳಿಕೆಯನ್ನು ಗಟ್ಟಿಯಾಗಿ ಓದುತ್ತಾರೆ. ಇವಳು ಮುಂದಿನ ಸಾಲಿನಲ್ಲೇ ಕೂತಿರುತ್ತಾಳೆ.

"ಇಲ್ಲ" ಎಂದಳು ವರ್ನಾ. "ಒಬ್ಬರೇ ಇರ್ಲಿಲ್ಲ."

ಲೋರ್ನಾ ನೆಮ್ಮದಿಯ ಉಸಿರು ಬಿಟ್ಟಳು. ಭುಜಗಳು ಸಡಿಲಾದವು. ಕೋಟಿನ ಗುಂಡಿ ಹಾಕತೊಡಗಿದಳು. ಒಂದು, ಎರಡು. ಮೂರನೆಯ ಗುಂಡಿಯ ಮೇಲೆ ಬೆರಳು ನಿಂತುಹೋಯಿತು.

"ಮತ್ತೆ ಅವನು ಯಾಕೆ ಆಂಬುಲೆನ್ಸ್‌ಗೆ ಫೋನ್ ಮಾಡ್ಲಿಲ್ಲ?"