ಬೋಣಿಯಾಗದ ಸೇತುವೆ

“ನಿನ್ನ ವ್ಯಾಪಾರಿ ಹತ್ರ ಕತ್ತಿ ಇಲ್ಲ, ಮಂತ್ರ ಇಲ್ಲ. ಇರೋದೇನೇ, ತಕ್ಕಡಿನಾ?” ರೋಲಿ ಕಿಸಕ್ಕನೆ ನಕ್ಕ.

ಲುಸ್ಮಿಲಾ ತಲೆ ಎತ್ತಲಿಲ್ಲ. ಒಬ್ಬೊಬ್ಬರು ಒಂದು ಪಾತ್ರವಾಗಿ, ದಾಳ ಹಾಕಿ ಕಥೆ ಮುಂದುವರಿಸುವ ಆಟ ಅದು. ಹಾಳೆಯಲ್ಲಿ ಅವಳು ತನ್ನ ಪಾತ್ರವಾದ ವ್ಯಾಪಾರಿಗೆ ಎರಡೇ ವಿದ್ಯೆ ಬರೆದುಕೊಂಡಿದ್ದಳು: ಮಾತು, ಚೌಕಾಸಿ. ಮೂರು ಶನಿವಾರದಿಂದ ಎರಡೂ ಕೆಲಸಕ್ಕೆ ಬಂದಿರಲಿಲ್ಲ. ಕೋಚಬಾಂಬಾ ಊರಿನ ಆ ಪುಟ್ಟ ಲೈಬ್ರರಿಯಲ್ಲಿ ಆಡುವವರಿಗೆ ಇದ್ದದ್ದು ಇಬ್ಬರು ಕೂರುವ ಒಂದೇ ಬೆಂಚು. ಇವತ್ತೂ ಹೀಗೇ ಆದರೆ ಅವಳ ಜಾಗ ತನ್ನ ಚಿಕ್ಕಪ್ಪನ ಮಗ ಎಲ್ಮರ್‌ಗೆ ಎಂದು ರೋಲಿ ಹೇಳಿಬಿಟ್ಟಿದ್ದ. ವಾರವಿಡೀ ಅವಳಿಗೆ ಅದೇ ಸಂಕಟ.

ಆಟ ನಡೆಸುವವಳು ಎದುರು ಕುರ್ಚಿಯಲ್ಲಿ ಕೂತ ಏಳನೇ ಕ್ಲಾಸಿನ ಯೋವಾನಾ. “ಸೇತುವೆ ಮೇಲೆ ರಾಕ್ಷಸಿ ಕೂತಿದ್ದಾಳೆ. ದಾಟಬೇಕಂದ್ರೆ ನಿಮ್ಮ ಕುದುರೆ ಕೊಡ್ಬೇಕಂತೆ” ಅಂದಳು.

“ನಾನು ಕತ್ತಿ ತೆಗೀತೀನಿ” ಅಂದ ರೋಲಿ.

“ನಿನ್ನ ವೀರನಿಗೆ ಉಳಿದಿರೋದೇ ಎರಡು ಪಾಯಿಂಟ್ ಕಣೋ. ಒಂದೇ ಏಟಿಗೆ ಸತ್ತ.”

ರೋಲಿ ದಾಳ ಕೆಳಗಿಟ್ಟ. ಲುಸ್ಮಿಲಾ ಗಂಟಲು ಸರಿಮಾಡಿಕೊಂಡಳು. ಸಂತೆಯಲ್ಲಿ ಚೀಸ್ ಮಾರುವ ಅವಳಮ್ಮ ಪಕ್ಕದ ಅಂಗಡಿಯವರನ್ನು ಅಕ್ಕರೆಯಿಂದ ‘ಕಾಸೆರಿತಾ’ ಎಂದು ಕರೆಯುವ ಹಾಗೇ ರಾಕ್ಷಸಿಯನ್ನು ಕರೆದಳು. “ಕಾಸೆರಿತಾ, ಬೋಣಿ ಆಯ್ತಾ?”

ಯೋವಾನಾ ತಬ್ಬಿಬ್ಬಾದಳು. ರಾಕ್ಷಸಿಯನ್ನು ಹೀಗೆ ಯಾರೂ ಮಾತಾಡಿಸಿದ್ದಿಲ್ಲ. ಆದರೆ ಯೋವಾನಾಳ ಅಮ್ಮನದೂ ಅದೇ ಸಂತೆಯಲ್ಲಿ ಆಲೂಗಡ್ಡೆ ಅಂಗಡಿ. ಉತ್ತರ ತಾನಾಗಿ ಬಾಯಿಗೆ ಬಂತು.

“ಎಲ್ಲಿ ಬೋಣಿ ತಾಯಿ? ನನ್ನ ಮುಖ ಕಂಡ್ರೆ ಸಾಕು, ಎಲ್ಲಾ ಓಡಿಹೋಗ್ತಾರೆ.”

“ಕುದುರೆ ಕೇಳಿದ್ರೆ ಓಡದೆ ಇನ್ನೇನು?”

“ನಂಗೂ ಹೊಟ್ಟೆ ಇಲ್ವಾ?”

“ಕುದುರೆ ಎಷ್ಟು ದಿನಕ್ಕೆ ಆಗುತ್ತೆ? ಸೇತುವೆ ದಾಟೋ ಗಾಡಿಗೊಂದು ಚೀಸ್ ತಗೋ. ಗಾಡಿಗಳನ್ನ ನಾನು ಕಳಿಸ್ತೀನಿ. ದಿನಾ ಊಟ ಆಗುತ್ತೆ.”

“ದಾಳ ಹಾಕು. ಹದಿನೈದು ಆದ್ರೆ ಒಪ್ತಾಳೆ” ಅಂದಳು ಯೋವಾನಾ. ಬಿದ್ದದ್ದು ಹನ್ನೊಂದು, ಹಾಳೆಯಲ್ಲಿದ್ದ ಚೌಕಾಸಿಯ ನಾಲ್ಕು ಪಾಯಿಂಟ್ ಸೇರಿ ಅಂತೂ ಸಾಲಿತು. ರಾಕ್ಷಸಿ ಬಿಡಲಿಲ್ಲ. “ಕೊಸರು?”

“ಇವತ್ತಿಗೆ ಎರಡು ಚೀಸ್.”

ರಾಕ್ಷಸಿ ಎದ್ದು ದಾರಿ ಬಿಟ್ಟಳು. ರೋಲಿಗೆ ನಂಬಲಾಗಲಿಲ್ಲ. “ಕುದುರೇನೂ ಉಳೀತಲ್ಲೇ” ಅಂದ, ಮೆಲ್ಲಗೆ.

ಈಗ ಅವನಿಗೆ ಸರಿಯಾಗಿ ನಾಲ್ಕು ಮಾತು ಅನ್ನಬೇಕು ಎಂದು ಲುಸ್ಮಿಲಾಗೆ ಆಸೆಯಾಯಿತು. ಮಾತು ನಾಲಿಗೆ ತುದಿಗೇ ಬಂದಿತ್ತು. ಆದರೆ ಅವಳು ಕೇಳಿದ್ದು ಬೇರೆ.

“ರೋಲಿ, ಎಲ್ಮರ್‌ಗೆ ಈ ಆಟ ಅಂದ್ರೆ ಅಷ್ಟು ಇಷ್ಟಾನಾ?”

ರೋಲಿ ದಾಳಗಳನ್ನು ಚೀಲಕ್ಕೆ ಹಾಕುತ್ತಾ ಹೇಳಿದ. “ಆಟಾನೇ ಗೊತ್ತಿಲ್ಲ ಅವನಿಗೆ. ಹಳ್ಳಿಯಿಂದ ಬಂದು ತಿಂಗಳಾಯ್ತು. ಕ್ಲಾಸಲ್ಲಿ ಯಾರೂ ಮಾತಾಡಿಸಲ್ಲ. ಅದಕ್ಕೇ…”

ವಾರವಿಡೀ ಅವಳು ಜಗಳಕ್ಕೆ ಮಾತು ಜೋಡಿಸಿಕೊಂಡಿದ್ದಳು. ಎಲ್ಮರ್‌ಗೆ ಜಾಗ ಯಾಕೆ ಎಂದು ಮಾತ್ರ ಕೇಳಿರಲೇ ಇಲ್ಲ.

ಲುಸ್ಮಿಲಾ ಬೆಂಚಿನ ತುದಿಗೆ ಸರಿದು, ನಡುವೆ ಉಳಿದ ಜಾಗವನ್ನು ಗೇಣು ಹಾಕಿ ನೋಡಿದಳು.

“ಕರ್ಕೊಂಡ್ ಬಾ. ಒತ್ತಿ ಕೂತ್ರೆ ಮೂರು ಜನ ಹಿಡೀತೀವಿ.”